ಎರಡನೆಯ ಕಣ್ಣು

ಕಂಡದ್ದು ಬೊಟ್ಟೇ ಹೌದೆ? ಕಾಣಬಾರದೆಂದು ಅಷ್ಟು ಹೆದರಿದ್ದರಿಂದ ಕಂಡಿತೆ? ಬಯಸಿದ್ದನ್ನು ಕಣ್ಣು ತಾನಾಗಿ ಹುಟ್ಟಿಸಿಕೊಳ್ಳುತ್ತದೆ ಎಂದು ಅವನು ವಿದ್ಯಾರ್ಥಿಗಳನ್ನು ಎಷ್ಟೋ ಸಲ ಎಚ್ಚರಿಸಿದ್ದ. ಹೆದರಿದ್ದನ್ನೂ ಹುಟ್ಟಿಸಿಕೊಳ್ಳಬಹುದಲ್ಲ. ಅಥವಾ ಇದು ಬೆಳಕಿನ ದೋಷ; ಕಿಟಕಿಯಾಚೆ ಯಾರೋ ಒಣಹಾಕಿದ ಕೆಂಪು ಬಟ್ಟೆ ನೀರಿನಲ್ಲಿ ಮೂಡಿರಬಹುದು. ತಿಪ್ಪೇಸ್ವಾಮಿ ಎದ್ದು ಹೋಗಿ ಪರದೆ ಸರಿಪಡಿಸಿ ಬಂದು ಮತ್ತೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದ.

ಗಾಜಿನ ಬಟ್ಟಲಿನಲ್ಲಿ ಭತ್ತದ ಕಾಳಿನಷ್ಟು ಉದ್ದದ ಮರಿ. ಮೈ ನೀರಿನಷ್ಟೇ ಪಾರದರ್ಶಕ. ಎರಡು ಕಪ್ಪು ಕಣ್ಣುಗಳೂ ಒಳಗೆ ಮಿಡಿಯುವ ಮೂರು ಹೃದಯಗಳೂ ಇಲ್ಲದಿದ್ದರೆ ಬಟ್ಟಲು ಖಾಲಿ ಎಂದೇ ತಿಳಿಯಬಹುದಿತ್ತು. ಆ ಕಣ್ಣುಗಳ ನಡುವೆ, ಹಣೆ ಎನ್ನಬಹುದಾದಲ್ಲಿ, ಕುಂಕುಮ ಬಣ್ಣದ ಒಂದು ಬೊಟ್ಟು ಅರಳಿತು. ಮುದುಡಿ ಚುಕ್ಕೆಯಾಯಿತು. ಅದಕ್ಕೆ ಉತ್ತರ ಕೊಟ್ಟಂತೆ ಎರಡು ಉದ್ದ ತೋಳುಗಳ ತುದಿಯಲ್ಲಿ ಹಳದಿ ಚುಕ್ಕೆಗಳು ತೆರೆದು ಮುಚ್ಚಿದವು. ಮತ್ತೆ ಹಣೆಯ ಬೊಟ್ಟು.

ಬೆಳಕಿನ ದೋಷವಲ್ಲ.

ಈ ಮರಿಯ ತಾಯಿ ಗೋಡೆಯಾಚೆಯ ದೊಡ್ಡ ಹಾಲ್‌ನಲ್ಲಿ, ಆಳದ ತೊಟ್ಟಿಯಲ್ಲಿತ್ತು. ಮಂಗಳೂರಿನ ಹಳೇ ಬಂದರಿನ ಬಳಿಯ ಆ ಸಂಶೋಧನಾಲಯಕ್ಕೆ ತೊಟ್ಟಿ ಬರುವ ತನಕ, ಎರಡು ಕಿಲೋಮೀಟರ್ ಆಳದ ಜೀವಿಗಳನ್ನು ಜೀವಂತವಾಗಿ ಹತ್ತಿರದಿಂದ ನೋಡಿದವರು ಜಗತ್ತಿನಲ್ಲೇ ಕಡಿಮೆ. ಬಲೆಯಲ್ಲಿ ಮೇಲೆ ಬರುವಷ್ಟರಲ್ಲಿ ಅವು ತಮ್ಮ ಚಳಿಯನ್ನೂ ಒತ್ತಡವನ್ನೂ ಕೆಳಗೇ ಬಿಟ್ಟುಬಂದಿರುತ್ತಿದ್ದವು. ಹಡಗಿನ ಮೇಲೆ ಬೀಳುತ್ತಿದ್ದದ್ದು ಹರಿದ ಲೋಳೆ. ಆ ಲೋಳೆಯನ್ನು ಬಾಟಲಿಗೆ ತುಂಬಿ, ಕೊಕ್ಕೆ ಎಷ್ಟು, ಹೀರುಬಟ್ಟಲು ಎಷ್ಟು ಎಂದು ನೋಡಿ ಇದು ಈ ಕುಟುಂಬ, ಇದು ಆ ಜಾತಿ ಎಂದು ವಿಂಗಡಿಸುವುದೇ ಶಾಸ್ತ್ರವಾಗಿತ್ತು. ಈಗ ಹಡಗಿನಿಂದ ಉಕ್ಕಿನ ಗಂಟೆಯೊಂದು ಇಳಿಯುತ್ತದೆ. ಆಳದಲ್ಲೇ ಜೀವಿಯನ್ನು ಸುತ್ತುವರಿದು ಮುಚ್ಚಿಕೊಳ್ಳುತ್ತದೆ. ಅಲ್ಲಿಯ ನೀರು, ಅಲ್ಲಿಯ ಚಳಿ, ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಮೂವರು ದೊಡ್ಡಾಳುಗಳು ನಿಂತಂತಹ ಅಲ್ಲಿಯ ಒತ್ತಡ, ಯಾವುದೂ ತಪ್ಪದಂತೆ ತಂದು ತೊಟ್ಟಿಗೆ ಜೋಡಿಸುತ್ತಾರೆ.

ಒತ್ತಡ ಹಿಡಿದಿಡುವ ಯಂತ್ರದ ಗುಂಯ್ ಸದ್ದು ಸುತ್ತಲ ಓಣಿಗಳಿಗೆಲ್ಲ ಕೇಳುತ್ತಿತ್ತು. ನಿದ್ದೆ ಬರುವುದಿಲ್ಲವೆಂದು ಮೊದಲು ಜಗಳಕ್ಕೆ ಬಂದವರು ಮೀನು ಮಾರುವ ಹೆಂಗಸರು. ಈಗ ಕರೆಂಟು ಹೋಗಿ, ಜನರೇಟರ್ ಹಿಡಿಯುವ ಮುಂಚೆ ಒಂದು ಗಳಿಗೆ ಸದ್ದು ನಿಂತರೆ, ಅವರೇ ಗೇಟಿಗೆ ಬಂದು ಕೇಳುತ್ತಿದ್ದರು: "ಬೊಂಡಾಸ್ ಉಂಟಾ, ಹೋಯ್ತಾ?"

ಇತ್ತು. ಕಡಲ ದಂಡೆಯವರು ಬೊಂಡಾಸ್ ಎನ್ನುವ ಸ್ಕ್ವಿಡ್ ಅದು, ಎರಡಾಳುದ್ದದ ಹೆಣ್ಣು. ಹನ್ನೊಂದು ವರ್ಷದ ಹಿಂದೆ ಬಲೆಯಲ್ಲಿ ಅರ್ಧ ಹರಿದು ಬಂದ ಇಂಥದೇ ಒಂದು ಮೈಯನ್ನು ನೋಡಿ, ಇದು ಹೊಸ ಜಾತಿ ಎಂದು ಲೋಕಕ್ಕೆ ಸಾರಿದವನು ತಿಪ್ಪೇಸ್ವಾಮಿ. ಅದಕ್ಕೆ ಅವನಿಟ್ಟ ಹೆಸರು ಜಲಜಾಕ್ಷಿ. ಅದು ಅವನಿಗೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ಅಧ್ಯಾಪಕಿಯ ಹೆಸರು. ಅವರ ಮಗಳನ್ನು ಅವನು ಮದುವೆಯಾಗಿದ್ದ. ಆದರೂ ಮೇಡಂ ಎಂದೇ ಕರೆಯುತ್ತಿದ್ದ. ಜೀವಂತ ಜಲಜಾಕ್ಷಿ ತೊಟ್ಟಿಗೆ ಬಂದದ್ದು ಈ ವರ್ಷ, ಮೊದಲ ಸಲ.

ಬಂದ ದಿನ ಅವಳ ತೋಳುಗಳ ನಡುವೆ ಕಪ್ಪು ಹಾಳೆಯಂಥದೇನೋ ಸಿಕ್ಕಿಕೊಂಡಿತ್ತು. ಹರಿದ ಬಲೆಯ ತುಂಡು ಎಂದುಕೊಂಡರು. ಇಲ್ಲಿಯ ಕಡಲಲ್ಲಿ ಬಲೆಯ ತುಂಡಿಲ್ಲದ ಜೀವಿಯೇ ಅಪರೂಪವಾದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ತೊಟ್ಟಿಯ ಎಂಜಿನಿಯರ್ ಉಳ್ಳಾಲದ ನೌಶಾದ್, ಯಂತ್ರದ ಕೈ ಇಳಿಸಿ ಅದನ್ನು ಕತ್ತರಿಸಿ ತೆಗೆಯಲು ಸಿದ್ಧನಾಗಿದ್ದ. ಕತ್ತರಿ ಹತ್ತಿರವಾದಾಗ ಅವಳು ಆ ಹಾಳೆಯನ್ನು ಮೈಗೆ ಒತ್ತಿಕೊಂಡು ಮೂಲೆಗೆ ಸರಿದಳು.

"ಸಾರ್, ಬಲೆಯನ್ನು ಯಾರಾದ್ರೂ ಹೀಗೆ ಅಪ್ಪಿಕೊಳ್ತಾರಾ?" ಎಂದ ನೌಶಾದ್, ಕೈ ತಡೆದು.

ದೀಪ ಹತ್ತಿರ ಮಾಡಿದರು. ಆಳದ ಜೀವಿಗಳಿಗೆ ಕೆಂಪು ಬೆಳಕು ಕಾಣುವುದಿಲ್ಲ, ಆದ್ದರಿಂದ ಆ ಹಾಲಿನಲ್ಲಿ ಕೆಂಪು ದೀಪ ಮಾತ್ರ. ಆ ಬೆಳಕಿನಲ್ಲಿ ಹಾಳೆಯ ಮೇಲೆಲ್ಲ ಜೋಡಿ ಜೋಡಿಯಾಗಿ ಏನೋ ಮಿನುಗಿತು. ಕಣ್ಣುಗಳು. ಸಾವಿರಾರು ಮೊಟ್ಟೆಗಳ ಒಳಗಿಂದ ಸಾವಿರಾರು ಜೋಡಿ ಕಣ್ಣುಗಳು ಕಿಟಕಿಯ ಕಡೆಗೇ ನೋಡುತ್ತಿದ್ದವು. ನೌಶಾದ್ ಯಂತ್ರದ ಕೈಯನ್ನು ಮೆಲ್ಲನೆ ಹಿಂದೆ ತೆಗೆದ. ಪ್ರಶ್ನೆ ಕೇಳುವವರು ಯಾರು, ಉತ್ತರ ಕೊಡುವವರು ಯಾರು ಎಂಬುದು ಒಮ್ಮೆಗೇ ತಲೆಕೆಳಗಾದಂತೆ ತಿಪ್ಪೇಸ್ವಾಮಿಗೆ ಅನ್ನಿಸಿತ್ತು.

ತಿಂಗಳುಗಟ್ಟಲೆ ಅವಳು ಏನೂ ತಿನ್ನಲಿಲ್ಲ. ಹಾಳೆಯನ್ನು ಹಿಗ್ಗಿಸಿ ಕುಗ್ಗಿಸಿ ಮೊಟ್ಟೆಗಳಿಗೆ ಹೊಸ ನೀರು ತಳ್ಳುತ್ತಿದ್ದಳು, ಅಷ್ಟೆ. ಮೊಟ್ಟೆ ಒಡೆದ ಮೇಲೆ ಮರಿಗಳೆಲ್ಲ ಒಂದೇ ದಿಕ್ಕಿಗೆ, ಮೇಲಕ್ಕೆ, ಈಜತೊಡಗಿದವು. ಬೆಳಕಿನ ನೀರಿನಲ್ಲಿ ಬೆಳೆದು ಆಮೇಲೆ ಕತ್ತಲೆಗೆ ಇಳಿಯುವ ಜೀವಿಗಳಿವು. ನೌಶಾದ್ ಕೆಲವನ್ನು ಪುಟ್ಟ ಪಾತ್ರೆಗೆ ಹರಿಸಿ, ದಿನದಿಂದ ದಿನಕ್ಕೆ ಒತ್ತಡ ಇಳಿಸುತ್ತ, ಕೊನೆಗೆ ತೆರೆದ ಗಾಜಿನ ಬಟ್ಟಲಿಗೆ ತಂದ. ಹಗಲ ಬೆಳಕಿಗೆ. ಕೆಂಪು ದೀಪದಲ್ಲಿ ಕೆಂಪು ಬೊಟ್ಟು ಕಾಣುವುದಿಲ್ಲ. ಹಗಲಿನಲ್ಲಿ ಕಾಣುತ್ತದೆ.

ಆ ಬೊಟ್ಟನ್ನು ಮೊದಲು ನೋಡಿದವರೂ ಮೇಡಂ ಅವರೇ.

ಜಲಜಾಕ್ಷಿ ಮೇಡಂ ಇಪ್ಪತ್ತೇಳರ ಹರೆಯದಲ್ಲಿ ಒಂದು ಸಂಶೋಧನಾ ಹಡಗಿನಲ್ಲಿದ್ದಾಗ, ಮೇಲುನೀರಿನ ಸಣ್ಣ ಬಲೆಯಲ್ಲಿ ಇಂಥ ಮೂರು ಮರಿಗಳು ಸಿಕ್ಕಿದ್ದವು. ಉಳಿದವರು ಬಾಟಲಿ ತುಂಬುವ ಅವಸರದಲ್ಲಿದ್ದಾಗ ಅವರು ಡೆಕ್ಕಿನ ಮೇಲೆ ಕೂತು ಮರಿ ಸಾಯುವ ಮೊದಲು ಅದರ ಚಿತ್ರ ಬರೆದರು. ಅದಕ್ಕೆ ತಿಲಕಾ ಎಂಬ ಹೆಸರಿಟ್ಟು ಪ್ರಕಟಿಸಿದರು. ಕೆಲವು ವರ್ಷಗಳ ಮೇಲೆ ಹೊರದೇಶದ ತಜ್ಞರೊಬ್ಬರು ಬಾಟಲಿಯಲ್ಲಿದ್ದ ಮೂರನ್ನೂ ತರಿಸಿ ನೋಡಿದರು. ಫಾರ್ಮಲಿನ್ನಿನಲ್ಲಿ ಬಣ್ಣವೆಲ್ಲ ಹೋಗಿ ಅವು ಬಿಳಿಯ ಎಳೆಗಳಾಗಿದ್ದವು. ಚಿತ್ರದಲ್ಲಿರುವ ಬೊಟ್ಟು ಮರಿಯಲ್ಲಿಲ್ಲ, ಇದು ಯಾವುದೋ ಜಾತಿಯ ಗುರುತಿಸಲಾಗದ ಮರಿ, ಹೆಸರು ಸಂದೇಹಾಸ್ಪದ ಎಂದು ಅವರು ಬರೆದರು. ಅಲ್ಲಿಗೆ ತಿಲಕಾ ಮುಗಿಯಿತು. ಮೇಡಂ ಮತ್ತೆ ಹಡಗು ಹತ್ತಲಿಲ್ಲ; ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದರು. ತಿಲಕಾದ ಮಾತನ್ನು ಅವರು ಎತ್ತುತ್ತಿರಲಿಲ್ಲ, ಬೇರೆಯವರೂ ಎತ್ತುತ್ತಿರಲಿಲ್ಲ.

ಹೆಸರಿಡುವ ಶಾಸ್ತ್ರದಲ್ಲಿ ಕರುಣೆಗೆ ಜಾಗವಿಲ್ಲ. ಒಂದೇ ಜೀವಿಗೆ ಎರಡು ಹೆಸರಿದ್ದರೆ ಮೊದಲು ಇಟ್ಟದ್ದು ನಿಲ್ಲುತ್ತದೆ. ಈ ಬೊಟ್ಟು ಆ ಬೊಟ್ಟೇ ಆಗಿದ್ದರೆ, ಜಲಜಾಕ್ಷಿ ಎಂಬ ಜಾತಿ ಇನ್ನಿಲ್ಲ. ತಾಯಿ, ಮರಿ ಎಲ್ಲ ತಿಲಕಾ. ಮೇಡಂ ಗೆಲ್ಲುತ್ತಾರೆ. ಮತ್ತು ಅವರ ಹೆಸರು ಅಳಿಯುತ್ತದೆ.

"ಸಾರ್, ಎಂತ ಅಷ್ಟು ಹೊತ್ತು?" ನೌಶಾದ್ ಬಾಗಿಲಲ್ಲಿ ನಿಂತಿದ್ದ. "ನಿಮ್ಮ ಅತ್ತೆಯ ಮೊಮ್ಮಕ್ಕಳು ಹುಷಾರಿದ್ದಾರಾ?"

"ಇದ್ದಾರೆ."

"ಹೆಚ್ಚು ದಿನ ಇರ್ಲಿಕ್ಕಿಲ್ಲ. ಬಟ್ಟಲಿಗೆ ಬಂದದ್ದರಲ್ಲಿ ಅರ್ಧ ಹೋಯ್ತು. ಏನು ನೋಡ್ಲಿಕ್ಕುಂಟೋ ಬೇಗ ನೋಡಿ."

ಸಂಜೆ ಮನೆಗೆ ಹೋದಾಗ ಚಹಾದ ಜೊತೆ ಗೋಳಿಬಜೆ ಇತ್ತು. ಮೇಡಂ ಬಾಲ್ಕನಿಯ ಕುರ್ಚಿಯಲ್ಲಿ ಕಾಲು ನೀಡಿ ಕೂತಿದ್ದರು.

"ನನ್ನ ಬೊಂಡಾಸ್ ಹೇಗುಂಟು?"

"ಚೆನ್ನಾಗಿದೆ ಮೇಡಂ."

"ಮರಿಗಳು?"

"ಈಜ್ತಿವೆ."

"ಈಜದೆ ಮತ್ತೆ ಎಂತ, ಬಸ್ಸಲ್ಲಿ ಹೋಗ್ತವಾ? ನೋಡ್ಲಿಕ್ಕೆ ಹೇಗುಂಟು ಅಂತ ಕೇಳಿದ್ದು ನಾನು."

"ಸಣ್ಣವು."

ಅವನ ಹೆಂಡತಿ ಅಕ್ಷತಾ ನಕ್ಕಳು. ಅವಳು ದಂತವೈದ್ಯೆ. "ಅಮ್ಮ, ನಿನ್ನ ಶಿಷ್ಯನ ಬಾಯಿ ತೆರೆಸ್ಲಿಕ್ಕೆ ನನ್ನ ಕ್ಲಿನಿಕ್ಕಿನ ಕುರ್ಚಿಯೇ ಬೇಕು." ಅವನ ಕಡೆ ತಿರುಗಿ, "ನಿನ್ನೆ ಹಾರ್ಟಿನ ಡಾಕ್ಟರ ಹತ್ತಿರ ಇವರು ಎಂತ ಹೇಳಿದ್ದು ಗೊತ್ತುಂಟಾ? ಬಟಾಟೆ ಕಮ್ಮಿ ಮಾಡಿ, ಉಪ್ಪು ಕಮ್ಮಿ ಮಾಡಿ ಅಂತ ಅವರು ಹೇಳ್ತಾ ಇದ್ರೆ, ಇವರು, 'ಡಾಕ್ಟ್ರೇ, ಸಮುದ್ರದಲ್ಲಿ ನನ್ನ ಹೆಸರಿನ ಬೊಂಡಾಸ್ ಉಂಟು, ಎರಡಾಳುದ್ದ. ನಿಮ್ಮ ಹೆಸರಿನದ್ದು ಎಂತ ಉಂಟು?'"

"ಕೇಳಿದೆ. ತಪ್ಪಾ?" ಎಂದರು ಮೇಡಂ. "ಅವರ ಹೆಸರಿನದ್ದು ಒಂದು ಬೋರ್ಡ್ ಮಾತ್ರ ಉಂಟು ಅಂದ್ರು ಪಾಪ."

ಜಾತಿಗೆ ಹೆಸರಿಟ್ಟ ವರ್ಷದಿಂದ ಅವರು ಬೊಂಡಾಸ್ ಸುಕ್ಕ ತಿನ್ನುವುದನ್ನೂ ಬಿಟ್ಟಿದ್ದರು. ನನ್ನನ್ನೇ ತಿಂದ ಹಾಗೆ ಆಗ್ತದೆ ಎನ್ನುತ್ತಿದ್ದರು. ಹೇಳುವಾಗ ನಗುತ್ತಿದ್ದರು, ಆದರೆ ಬಿಟ್ಟದ್ದು ನಿಜ.

ಅಡುಗೆಮನೆಯಲ್ಲಿ ಲೋಟ ತೊಳೆಯುವಾಗ ಅವನು ಅಕ್ಷತಾಳಿಗೆ ಹೇಳಿದ. ಕಡಿಮೆ ಮಾತಿನಲ್ಲಿ, ಬೊಟ್ಟಿನ ವಿಷಯ, ಹೆಸರಿನ ವಿಷಯ. ಅವಳು ನಲ್ಲಿ ನಿಲ್ಲಿಸಿದಳು.

"ಗ್ಯಾರಂಟಿಯಾ?"

"ನಾನೊಬ್ಬ ನೋಡಿದರೆ ಗ್ಯಾರಂಟಿ ಆಗಲ್ಲ."

"ಹಾಗಾದ್ರೆ ಬಿಟ್ಟುಬಿಡಿ. ಆ ಸಣ್ಣದರ ಸುದ್ದಿ ಅಮ್ಮ ಮರೆತು ಎಷ್ಟು ಕಾಲ ಆಯ್ತು. ಅದಕ್ಕಾಗಿ ಅತ್ತದ್ದನ್ನು ನಾನು ನೋಡಿದ್ದೇನೆ, ನೀವು ನೋಡಿಲ್ಲ. ಈ ದೊಡ್ಡದು ಬಂದ ಮೇಲೆ ಸ್ವಲ್ಪ ತಲೆ ಎತ್ತಿ ನಡೀತಾರೆ. ಇದನ್ನೂ ಕಿತ್ತುಕೊಳ್ತೀರಾ?"

"ಕಿತ್ಕೊಳ್ಳೋದಲ್ಲ ಅದು. ಅವರು ಹೇಳಿದ್ದು ಸರಿ ಅಂತಾಗುತ್ತೆ."

"ಯಾರಿಗೆ ಬೇಕು ಸರಿ ಅಂತಾಗೋದು, ಈ ವಯಸ್ಸಲ್ಲಿ?" ಎಂದಳು ಅವಳು. ಸಿಟ್ಟಿರಲಿಲ್ಲ. ಹೆದರಿಕೆಯಿತ್ತು. "ಆ ಮರಿಗಳು ಹೇಗೂ ಉಳಿಯುವುದಿಲ್ಲ ಅಂತೀರಿ. ಸತ್ತ ಮೇಲೆ ಬೊಟ್ಟೂ ಇಲ್ಲ. ಸುಮ್ಮನಿರಿ."

ಸುಮ್ಮನಿರುವುದು ಅವನಿಗೆ ಯಾವತ್ತೂ ಕಷ್ಟವಾಗಿರಲಿಲ್ಲ. ಚಳ್ಳಕೆರೆಯಿಂದ ಬಂದು, ಕಡಲನ್ನು ಮೊದಲ ಸಲ ನೋಡಿ, ಏನೂ ಹೇಳಲಾಗದೆ ದಡದಲ್ಲಿ ನಿಂತಿದ್ದ ಹುಡುಗನೇ ಅವನು. ಈಗ ಇನ್ನೆರಡು ದಿನ ಸುಮ್ಮನಿದ್ದರೆ ಸಾಕಿತ್ತು. ಕ್ಯಾಮೆರಾ ಇತ್ತು ನಿಜ. ಆದರೆ ಚಿತ್ರದಿಂದಲೇ ಸೋತ ಹೆಸರನ್ನು ಇನ್ನೊಂದು ಚಿತ್ರದಿಂದ ಎಬ್ಬಿಸಲಾಗುವುದಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಆ ಮರಿಯನ್ನು ಮೊದಲು ಜೀವಂತವಾಗಿ ನೋಡಿದ್ದ ಕಣ್ಣು ಜಗತ್ತಿನಲ್ಲಿ ಒಂದೇ ಜೋಡಿ ಉಳಿದಿತ್ತು. ಅದು ನೋಡಿ ಹೌದು ಎನ್ನಬೇಕು, ಇಲ್ಲವೆ ಅಲ್ಲ ಎನ್ನಬೇಕು.

ಮರುದಿನ ಬೆಳಿಗ್ಗೆ ಅವನು ಮೊದಲು ತೊಟ್ಟಿಯ ಹಾಲಿಗೆ ಹೋದ. ತೊಟ್ಟಿಯಲ್ಲೇ ಉಳಿದಿದ್ದ ಮರಿಗಳೆಲ್ಲ ಆಗಲೇ ಸತ್ತುಹೋಗಿದ್ದವು. ಖಾಲಿ ಹಾಳೆ ಇನ್ನೂ ಅವಳ ತೋಳುಗಳಲ್ಲೇ ಇತ್ತು. ಅವಳು ಅದನ್ನು ಹಿಗ್ಗಿಸಿದಳು, ಕುಗ್ಗಿಸಿದಳು. ಹೊಸ ನೀರು ಖಾಲಿ ಗೂಡುಗಳ ಮೂಲಕ ಹಾದುಹೋಯಿತು. ಅವಳ ಮಾಂಸ ಕರಗಿ ಚರ್ಮ ಹಗುರ ಪರದೆಯಂತೆ ತೇಲುತ್ತಿತ್ತು. ಬೇಟೆಗೆ ಬೇಕಾದ ಎರಡು ಉದ್ದ ತೋಳುಗಳು ಎಂದೋ ಉದುರಿಹೋಗಿದ್ದವು. ಕಿತ್ತಳೆಯಷ್ಟು ದೊಡ್ಡ ಕಣ್ಣುಗಳು ಮಾತ್ರ ಹಾಗೇ ಇದ್ದವು. ತನಗೆ ಕಾಣದ ಬೆಳಕಿನಲ್ಲಿ, ತಾನು ಎಲ್ಲಿದ್ದೇನೆಂದು ತಿಳಿಯದೆ, ಮಾಡಬೇಕಾದ್ದನ್ನು ಅವಳು ಮಾಡುತ್ತಲೇ ಇದ್ದಳು. ಸೂರ್ಯನಿಗೂ ಗೊತ್ತಿಲ್ಲದ ಜಾಗದಲ್ಲಿ ಇದು ಎಷ್ಟು ಲಕ್ಷ ವರ್ಷಗಳಿಂದ ನಡೆದಿದೆಯೋ. ಆ ಕೆಲಸಕ್ಕೆ ಯಾರೂ ಹೆಸರಿಟ್ಟಿರಲಿಲ್ಲ, ಯಾರೂ ಇಡಬೇಕಾಗಿಯೂ ಇರಲಿಲ್ಲ. ಅಂಗೈಯಗಲದ ಕಿಟಕಿಗೆ ಕೈ ಒತ್ತಿದಾಗ ಗಾಜು ಕೊರೆಯುವಷ್ಟು ತಣ್ಣಗಿತ್ತು.

ಅವನು ಹೊರಗೆ ಬಂದು ಮನೆಗೆ ಫೋನ್ ಮಾಡಿದ. "ಮೇಡಂ, ಒಂದು ಸಲ ಲ್ಯಾಬಿಗೆ ಬರ್ತೀರಾ?"

ಅಕ್ಷತಾಳೇ ಕಾರಿನಲ್ಲಿ ಕರೆತಂದಳು. ಅವನ ಮುಖ ನೋಡಲಿಲ್ಲ. ಮೆಟ್ಟಿಲ ಬಳಿ ನೌಶಾದ್ ಮೇಡಂ ಕೈ ಹಿಡಿದ.

"ಮೆಲ್ಲ ಟೀಚರ್. ಲಿಫ್ಟ್ ಹಾಕಿ ಅಂತ ಬರೆದು ಬರೆದು ಕೊಟ್ಟಿದ್ದೇವೆ. ಬೊಂಡಾಸಿಗೆ ಕೋಟಿಗಟ್ಟಲೆ ಖರ್ಚು ಮಾಡ್ತಾರೆ, ಮನುಷ್ಯರಿಗೆ ಮೆಟ್ಟಿಲು."

"ಬೊಂಡಾಸಿಗೆ ಮೂರು ಹೃದಯ ಉಂಟು ಮಾರಾಯ. ನನಗೆ ಒಂದು, ಅದೂ ರಿಪೇರಿದ್ದು."

ತಿಪ್ಪೇಸ್ವಾಮಿ ಬಟ್ಟಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪಕ್ಕಕ್ಕೆ ನಿಂತ. ಉಳಿದದ್ದು ಅದೊಂದೇ ಮರಿ.

"ಎಂತ ನೋಡ್ಬೇಕು?"

"ನೋಡಿ ಮೇಡಂ, ಅಷ್ಟೆ."

ಅವರು ಅವನ ಮುಖ ನೋಡಿದರು. ಕಾಲೇಜಿನಲ್ಲಿ ಅವರದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಮೊದಲು ನೋಡಿದವನು ತಾನು ಕಂಡದ್ದನ್ನು ಎರಡನೆಯವನಿಗೆ ಹೇಳಬಾರದು. ಹೇಳಿದರೆ ಎರಡನೆಯ ಕಣ್ಣು ಕಣ್ಣಾಗಿ ಉಳಿಯುವುದಿಲ್ಲ. ಮುಖದಲ್ಲಿ ಸುಳಿವು ಕೊಟ್ಟರೂ ಬೈಯುತ್ತಿದ್ದರು. ಅವನು ಗೋಡೆಯ ಕಡೆ ತಿರುಗಿದ.

"ಓ, ಎರಡನೆಯ ಕಣ್ಣಾ," ಎಂದರು ಮೇಡಂ, ಮತ್ತು ಬಗ್ಗಿದರು.

ಮೊದಲು ಉಸಿರಿನ ಸದ್ದು ಮಾತ್ರ. ಆಮೇಲೆ ಅದೂ ಕೇಳಲಿಲ್ಲ. ಅಕ್ಷತಾ ತಾಯಿಯ ಬೆನ್ನ ಹಿಂದೆ ಬಂದು ನಿಂತಳು. ಮೇಡಂ ಅವರ ಬಲಗೈ ಮೇಜಿನ ಮೇಲೆ ಏನನ್ನೋ ಹುಡುಕುವಂತೆ ಚಲಿಸಿತು. ನೌಶಾದ್ ಜೇಬಿನಿಂದ ಪೆನ್ಸಿಲ್ ತೆಗೆದು ಆ ಬೆರಳುಗಳ ನಡುವೆ ಇಟ್ಟ. ಅವರು ಅದನ್ನು ಹಿಡಿದುಕೊಂಡರು, ಏನೂ ಬರೆಯಲಿಲ್ಲ.

"ಹಣೆಯಲ್ಲಿ ಒಂದು," ಎಂದರು ಕೊನೆಗೆ. ಪಾಠ ಹೇಳುವ ದನಿಯೇ, ಆದರೆ ಬಹಳ ಮೆಲ್ಲಗೆ. "ಕೆಂಪು. ಈಗ ಮುಚ್ಚಿತು. ಈಗ ತೋಳಿನ ತುದಿಯದ್ದು ತೆರೀಬೇಕು. ಹಳದಿ. ಹಾಂ, ತೆರೀತು. ಎರಡೂ ಒಟ್ಟಿಗೆ ತೆರೆಯುವುದಿಲ್ಲ. ಹಣೆಯದ್ದು ಮುಚ್ಚಿದ ಮೇಲೆಯೇ ತೋಳಿಂದು. ಯಾರೋ ಕರೆದ ಹಾಗೆ, ಯಾರೋ ಓ ಅಂದ ಹಾಗೆ." ಅವರು ತಲೆ ಎತ್ತಲಿಲ್ಲ. "ಅದನ್ನು ನಾನು ಎಲ್ಲಿಯೂ ಬರೆದಿಲ್ಲ. ಚಿತ್ರದಲ್ಲಿ ಅದನ್ನು ಬರೆಯಲಿಕ್ಕೆ ಆಗುವುದಿಲ್ಲ ಅಲ್ವಾ. ತಿಲಕಾ."

ಗೋಡೆಯಾಚೆ ಯಂತ್ರದ ಗುಂಯ್ ಸದ್ದು. ತೆರೆಯುವ ಮೊದಲೇ ಅವರು ಹೇಳಿದ್ದರು. ಆಮೇಲೆ ಅದು ತೆರೆದಿತ್ತು. ತಿಪ್ಪೇಸ್ವಾಮಿ ಗೋಡೆಯಿಂದ ಈಚೆಗೆ ತಿರುಗಿದ. ಐವತ್ತು ವರ್ಷ ಯಾರಿಗೂ ಹೇಳದೆ ಈ ಹೆಂಗಸು ಒಂದು ಮಿಡಿತದ ಲಯವನ್ನು ಒಳಗಿಟ್ಟುಕೊಂಡು ಅಡುಗೆ ಮಾಡಿದ್ದರು, ಪಾಠ ಮಾಡಿದ್ದರು, ಬಸ್ಸಿಗೆ ಕಾದಿದ್ದರು. ಕಡಲೂ ಅಷ್ಟೇ ಕಾಲ ಅದೇ ಲಯವನ್ನು ಇಟ್ಟುಕೊಂಡಿತ್ತು.

"ತಾಯಿಯನ್ನು ತೋರಿಸು," ಎಂದರು ಮೇಡಂ.

ಕೆಂಪು ಕತ್ತಲೆಯ ಹಾಲಿನಲ್ಲಿ ಅವರಿಗೆ ಕುರ್ಚಿ ಹಾಕಿದರು. ಅವರು ಕೂರಲಿಲ್ಲ. ಕಿಟಕಿಯಾಚೆ ಆ ದೊಡ್ಡ ಮೈ ನಿಧಾನವಾಗಿ ತಿರುಗಿ, ಒಂದು ಕಣ್ಣು ಗಾಜಿನ ಅಷ್ಟಗಲವನ್ನೂ ತುಂಬುವಂತೆ ಹತ್ತಿರ ಬಂತು.

"ಇದಾ?" ಎಂದರು ಮೇಡಂ. "ಇಷ್ಟು ದೊಡ್ಡದಾ? ನಾನು ಇದನ್ನು ಉಗುರಿನ ಮೇಲೆ ಇಟ್ಟುಕೊಂಡಿದ್ದೆನಲ್ಲ." ಅಕ್ಷತಾ ಅವರ ಭುಜ ಹಿಡಿದಳು. ಅವರು ಮಗಳ ಕೈಯ ಮೇಲೆ ಕೈ ಇಟ್ಟು, ಕಣ್ಣು ಕೀಳದೆ ನೋಡುತ್ತಲೇ ಇದ್ದರು. ಗಾಜಿನಾಚೆ ಅವಳು ಹಾಳೆ ಹಿಗ್ಗಿಸಿದಳು. ಕುಗ್ಗಿಸಿದಳು.

ಬಹಳ ಹೊತ್ತಿನ ಮೇಲೆ ಅವರು ಕೂತರು.

"ಹಳೆಯದು ನಿಲ್ಲಬೇಕು. ಅಂದ್ರೆ ಜಲಜಾಕ್ಷಿ ಹೋದಳು."

"ಹೌದು ಮೇಡಂ."

"ಅಮ್ಮ, ಬೇಜಾರಾ?" ಎಂದಳು ಅಕ್ಷತಾ.

"ಸ್ವಲ್ಪ ಆಗದೆ ಇರ್ತದಾ? ದೊಡ್ಡ ಹೆಸರಾಗಿತ್ತು. ಆದ್ರೆ ಅದು ಇವನು ಕೊಟ್ಟದ್ದು. ಇದು ನಾನು ಕಂಡದ್ದು." ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ಹೋಗ್ಲಿ. ಇನ್ನು ಬೊಂಡಾಸ್ ಸುಕ್ಕ ಮಾಡಬಹುದು ನೀನು."

ಅಕ್ಷತಾ ನಗುತ್ತ ಅತ್ತಳು. ನೌಶಾದ್ ದೀಪ ಸರಿಪಡಿಸುವ ನೆಪದಲ್ಲಿ ಆಚೆ ಹೋದ.

ಮೇಡಂ ತಿಪ್ಪೇಸ್ವಾಮಿಯ ಕಡೆ ತಿರುಗಿದರು. ಕೆಂಪು ಬೆಳಕಿನಲ್ಲಿ ಅವರ ಮುಖದ ಸುಕ್ಕುಗಳು ಕಾಣುತ್ತಿರಲಿಲ್ಲ. ಉತ್ತರಪತ್ರಿಕೆ ನೋಡುವಾಗಿನ ಅದೇ ನೋಟ.

"ಒಂದು ಕೇಳ್ತೇನೆ. ನಾನು ನೋಡಿ, ಇದು ತಿಲಕಾ ಅಲ್ಲ ಅಂತ ಹೇಳಿದ್ದರೆ ನೀನು ಎಂತ ಮಾಡ್ತಿದ್ದೆ?"

"ಇನ್ನೊಬ್ಬರನ್ನು ಕರೆದು ತೋರಿಸ್ತಿದ್ದೆ, ಮೇಡಂ."

"ಹಾಂ," ಎಂದು ಅವರು ತಲೆಯಾಡಿಸಿದರು. ಕಲಿಸಿದ್ದು ದಂಡವಾಗಲಿಲ್ಲ ಎಂಬ ತೃಪ್ತಿ ಅದರಲ್ಲಿತ್ತು. ಮತ್ತೆ ಕಿಟಕಿಯ ಕಡೆ ತಿರುಗಿದರು.

ಅವನು ಯಾರನ್ನೂ ಕರೆಯುತ್ತಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಾಗ, ಅವರು ಅಲ್ಲ ಎನ್ನಲಿ ಎಂದೇ ಅವನು ಕಾದಿದ್ದ. ಅದನ್ನು ಅವನು ಅವರಿಗೆ ಯಾವತ್ತೂ ಹೇಳಲಿಲ್ಲ.